ಟೋಪಿ ಕಳಚುವ ಹೊತ್ತು

ಕಾಫಿಯ ಬೀಜ ಮೊಳೆತು ಮೇಲೇಳುವ ಬಗೆಯನ್ನು ಪಟ್ಟಣದ ವಾಚಕರಲ್ಲಿ ಬಹುಮಂದಿ ಕಂಡಿರಲಾರರು. ಡಿಸೆಂಬರ್ ಅಥವಾ ಜನವರಿ ತಿಂಗಳಲ್ಲಿ, ಚಪ್ಪರದ ನೆರಳಿನಲ್ಲಿ ಹದಗೊಳಿಸಿದ ಮಡಿಯ ಮೇಲೆ ಬೀಜಗಳನ್ನು ಸಾಲಾಗಿ ಇರಿಸಿ, ತೆಳುವಾಗಿ ಮಣ್ಣು ಮುಚ್ಚಿ, ಒಣಹುಲ್ಲು ಹೊದಿಸಿ, ದಿನವೂ ನೀರು ಚಿಮುಕಿಸುತ್ತಾರೆ. ಸುಮಾರು 45 ದಿನಗಳ ತರುವಾಯ ಮೊಳಕೆ ಮೇಲೆ ಬರುತ್ತದೆ. ಎಳೆಯ ಕಾಂಡ ನೆಟ್ಟಗೆ ನಿಂತಿದ್ದರೂ ಅದರ ನೆತ್ತಿಯ ಮೇಲೆ ಬೀಜದ ಸಿಪ್ಪೆ ಹಾಗೆಯೇ ಕುಳಿತಿರುತ್ತದೆ. ತೋಟದವರು ಅದನ್ನು ಟೋಪಿ ಎನ್ನುತ್ತಾರೆ. ಆ ಟೋಪಿಯೊಳಗೆ ಎರಡು ಎಲೆಗಳು ಮಡಿಸಿಕೊಂಡಿರುತ್ತವೆ. ಅವು ತಾವಾಗಿಯೇ ಅರಳಿದಾಗ ಟೋಪಿ ಕಳಚಿ ಬೀಳುತ್ತದೆ. ಅವಸರದಿಂದ ಉಗುರು ತಾಗಿಸಿ ಕಿತ್ತರೆ ಸಿಪ್ಪೆಯೊಡನೆ ಎಲೆಯೂ ಹರಿದುಬರುವುದುಂಟು.

ಮೂಡಿಗೆರೆಗೂ ಕಳಸಕ್ಕೂ ನಡುವಣ ಒಂದು ತೋಟದ ಮನೆಯಲ್ಲಿ, ಈಚಿನ ಒಂದು ಜನವರಿಯಲ್ಲಿ, ಈ ಟೋಪಿಯ ಮಾತು ಒಂದು ಮಗುವಿನ ವಿದ್ಯಾಭ್ಯಾಸದ ಚರ್ಚೆಗೆ ನಾಂದಿಯಾಯಿತು. ಬೆಂಗಳೂರಿನ ಉದ್ಯೋಗವನ್ನು ಬಿಟ್ಟು ತೋಟಕ್ಕೆ ಮರಳಿದ್ದ ದಂಪತಿಗಳಿಗೆ ಒಬ್ಬನೇ ಮಗ. ನಾಲ್ಕು ತುಂಬಿ ಐದು ತಿಂಗಳಾಗಿತ್ತು. ಬರುವ ಜೂನಿನಲ್ಲಿ ಪೇಟೆಯ ಒಂದು ಶಾಲೆಯ ಯು.ಕೆ.ಜಿ. ತರಗತಿಗೆ ಅವನನ್ನು ಸೇರಿಸಬೇಕೆಂದು ತಾಯಿ ನಿಶ್ಚಯಿಸಿದ್ದರು. ಅದಕ್ಕೊಂದು ಸಂದರ್ಶನವೂ ನಡೆಯಿತು. ಮಗು ಬಾಯಿ ಬಿಡಲಿಲ್ಲ. ಚಿತ್ರವೊಂದನ್ನು ತೋರಿಸಿ ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ “ಇದೇನು?” ಎಂದು ಕೇಳಿದರಂತೆ; ಹುಡುಗ ಚಿತ್ರವನ್ನು ಬಹಳ ಹೊತ್ತು ನೋಡಿ, ಕೊನೆಗೆ ತಲೆಯನ್ನು ಅಲ್ಲಾಡಿಸಿದನಂತೆ. “ಇನ್ನೂ ಸಿದ್ಧನಾಗಿಲ್ಲ; ಮನೆಯಲ್ಲಿ ಸ್ವಲ್ಪ ಹೆಚ್ಚು ತಿದ್ದಿಸಿ” ಎಂಬ ಸಲಹೆಯೊಡನೆ ತಾಯಿ ಹಿಂದಿರುಗಿದರು.

ಅಂದಿನಿಂದ ಜಗಲಿಯ ಮೇಲೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ತಿದ್ದುವಿಕೆ ಮೊದಲಾಯಿತು. ಮೂರನೆಯ ದಿನಕ್ಕೆ ಹುಡುಗ ಪೆನ್ಸಿಲ್ಲನ್ನು ಕಂಡರೆ ಅಡುಗೆಮನೆಯ ಹಿಂಬಾಗಿಲಿಗೆ ಓಡಲಾರಂಭಿಸಿದನು. ವಾರ ಕಳೆಯುವಷ್ಟರಲ್ಲಿ ರಾತ್ರಿ ನಿದ್ದೆಯಲ್ಲಿ ಬೆಚ್ಚಿಬೀಳುವುದು ಹೆಚ್ಚಿತು. ಸದಾ ಏನನ್ನಾದರೂ ಹರಟುತ್ತಿದ್ದವನು ಹಿರಿಯರ ಮುಂದೆ ಮಾತನ್ನೇ ನಿಲ್ಲಿಸಿದನು.

ಒಂದು ಸಂಜೆ ಅಜ್ಜಿ ಮೊಮ್ಮಗನ ತಲೆಗೆ ಎಣ್ಣೆ ಹಚ್ಚುತ್ತ, ಯಾವ ವಿಶೇಷವೂ ಇಲ್ಲದವರಂತೆ ಕೇಳಿದರು: “ಆ ಚಿತ್ರದಲ್ಲಿ ಏನಿತ್ತು, ಮಗೂ?”

“ಹಕ್ಕಿ.”

“ಮತ್ತೆ ಹೇಳಲಿಲ್ಲ ಯಾಕೆ?”

“ಯಾವ ಹಕ್ಕಿ ಅಂತ ಗೊತ್ತಾಗಲಿಲ್ಲ ಅಜ್ಜಿ. ಜುಟ್ಟು ಪಿಕಳಾರದ ಹಾಗಿತ್ತು. ಬಾಲ ಪಿಕಳಾರದ್ದಲ್ಲ.”

ಒಳಗಿನಿಂದ ಈ ಮಾತನ್ನು ಕೇಳಿಸಿಕೊಂಡ ತಾಯಿಗೆ ನಗು ಬಂದಿತು; ನಗುವಿನ ಹಿಂದೆಯೇ ಕಣ್ಣು ತುಂಬಿತು. ಪ್ರಶ್ನೆ ಕೇಳಿದವರಿಗೆ ಬೇಕಾಗಿದ್ದುದು ‘ಹಕ್ಕಿ’ ಎಂಬ ಒಂದು ಶಬ್ದ. ಹುಡುಗನಿಗೆ ಅಷ್ಟು ಸುಲಭವಾದ ಪ್ರಶ್ನೆಯನ್ನು ದೊಡ್ಡವರು ಕೇಳಿಯಾರೆಂದು ತೋಚಿರಲಿಲ್ಲ.

ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಇದೇ ಕಾಡುತೋಟಗಳ ನಡುವೆ ಬಾಳಿ, 1980ರಲ್ಲಿ ‘ಕರ್ವಾಲೊ’ ಕಾದಂಬರಿಯನ್ನು ಕೊಟ್ಟರು. ಅದರ ಮಂದಣ್ಣ ಊರವರ ಕಣ್ಣಿಗೆ ಯಾವ ಕೆಲಸಕ್ಕೂ ಬಾರದ ಹುಡುಗ. ವಿಜ್ಞಾನಿ ಕರ್ವಾಲೊ ಅವರ ಕಣ್ಣಿಗೆ ಹುಟ್ಟು ನಿಸರ್ಗತಜ್ಞ. ಇದ್ದವನು ಒಬ್ಬನೇ ಮಂದಣ್ಣ, ನೋಡಿದ ಕಣ್ಣುಗಳು ಬೇರೆ. ತೋಟದ ಮನೆಯ ಈ ಹುಡುಗನ ವಿಷಯದಲ್ಲಿಯೂ ಪ್ರಶ್ನೆ ಅದೇ ಆಗಿತ್ತು: ಯಾರ ಕಣ್ಣಿನಿಂದ ಅಳೆಯಬೇಕು?

ತಾಯಿಯ ಭಯ ಮೂರ್ಖತನದ್ದೆಂದು ಯಾರೂ ಹೇಳುವಂತಿರಲಿಲ್ಲ. ಬೆಂಗಳೂರಿನ ಬಂಧುಗಳ ಮಕ್ಕಳು ಅದೇ ವಯಸ್ಸಿನಲ್ಲಿ ವಾಕ್ಯಗಳನ್ನು ಓದುತ್ತಿದ್ದರು. ಕಾಫಿಯ ಬೆಲೆ ಒಂದು ವರ್ಷ ಏರಿದರೆ ಮತ್ತೊಂದು ವರ್ಷ ಇಳಿಯುತ್ತದೆ. ಮಳೆ ಹೊತ್ತಿಗೆ ಬಾರದಿದ್ದರೆ ಹೂವೇ ಕಟ್ಟುವುದಿಲ್ಲ. ಮಗನಿಗೆ ತೋಟವನ್ನು ನಂಬಿ ಬದುಕುವ ಕಾಲ ಮುಗಿಯಿತೆಂದು ಆಕೆಯ ಎಣಿಕೆ. “ಅತ್ತೆ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನೀವೇ ಹೇಳುತ್ತೀರಲ್ಲ?” ಎಂದು ಆಕೆ ಕೇಳಿದರು.

ಅಜ್ಜಿ ತಡೆದು ಹೇಳಿದರು: “ಹೌದಮ್ಮ, ಹೇಳುತ್ತೇನೆ. ಆದರೆ ಟೋಪಿ ಹೊತ್ತ ಸಸಿಯನ್ನು ಯಾರಾದರೂ ಬಗ್ಗಿಸುತ್ತಾರೆಯೇ? ಬಗ್ಗಿಸುವುದಕ್ಕೂ ಒಂದು ಗಿಡ ಅಂತ ಆಗಬೇಕಲ್ಲ.”

“ಶೃಂಗೇರಿಯಲ್ಲಿ ಅಕ್ಷರಾಭ್ಯಾಸ ಮಾಡಿಸಿ ಒಂದು ವರ್ಷ ಆಯಿತು, ಅತ್ತೆ.”

“ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸಿದ್ದು ಆಶೀರ್ವಾದ ಕಣಮ್ಮ. ಅದು ಪರೀಕ್ಷೆಯಲ್ಲ.”

ಮಕ್ಕಳ ಮನಸ್ಸನ್ನು ಕುರಿತು ಪಂಡಿತರು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆಸಿರುವ ವಾದವಿವಾದಗಳ ಒಂದು ಪಕ್ಷವನ್ನು ಅಜ್ಜಿ ತಮಗರಿಯದಂತೆಯೇ ಹಿಡಿದಿದ್ದರು. ಆ ಪಕ್ಷದ ಹಿರಿಯನೆಂದರೆ ಸ್ವಿಟ್ಜರ್ಲೆಂಡಿನ ಝಾನ್ ಪಿಯಾಜೆ (1896–1980). 1920ರ ಸುಮಾರಿನಲ್ಲಿ ಪ್ಯಾರಿಸಿನಲ್ಲಿ ಬುದ್ಧಿಮಾಪನದ ಪ್ರಶ್ನೆಗಳನ್ನು ಮಕ್ಕಳಿಗೆ ಕೇಳುತ್ತಿದ್ದಾಗ ಆತನ ಗಮನವನ್ನು ಸೆಳೆದವು ಸರಿಯುತ್ತರಗಳಲ್ಲ, ತಪ್ಪುತ್ತರಗಳು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪುಗಳನ್ನು ಮಾಡುತ್ತಿದ್ದರು. ಹಾಗಾದರೆ ಮಗು ಕಡಿಮೆ ತಿಳಿದ ದೊಡ್ಡವನಲ್ಲ. ಅದರ ಆಲೋಚನೆಯ ಕ್ರಮವೇ ಬೇರೆ ಎಂದು ಆತ ನಿರ್ಣಯಿಸಿ, ತನ್ನ ಸ್ವಂತ ಮೂರು ಮಕ್ಕಳನ್ನೂ ಎಳವೆಯಿಂದ ಗಮನಿಸಿ ಟಿಪ್ಪಣಿ ಬರೆದನು. ಎರಡರಿಂದ ಸುಮಾರು ಏಳು ವರ್ಷದವರೆಗಿನ ಮಗು ಕಣ್ಣಿಗೆ ಕಂಡುದನ್ನೇ ನಂಬುತ್ತದೆ ಎಂಬುದು ಆತನ ಪ್ರಸಿದ್ಧವಾದ ಸಿದ್ಧಾಂತಗಳಲ್ಲೊಂದು. ಅಗಲವಾದ ಪಾತ್ರೆಯ ನೀರನ್ನು ಮಗುವಿನ ಕಣ್ಣೆದುರಿನಲ್ಲೇ ಉದ್ದನೆಯ ಕಿರಿದಾದ ಪಾತ್ರೆಗೆ ಸುರಿದರೆ, ನೀರು ಹೆಚ್ಚಾಯಿತೆಂದು ಅದು ಹೇಳುತ್ತದೆ.

ಈ ಸಂಗತಿಯನ್ನು ಮಲೆನಾಡಿನ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಜೆಗೆ ಬಂದ ಮೊಮ್ಮಕ್ಕಳು ಮಜ್ಜಿಗೆಗಾಗಿ ಜಗಳವಾಡಿದರೆ, ಗಟ್ಟಿಯಾಗಿ ಅಳುವವನ ಮಜ್ಜಿಗೆಯನ್ನು ಬಟ್ಟಲಿನಿಂದ ಉದ್ದನೆಯ ಲೋಟಕ್ಕೆ ಸುರಿದುಕೊಡುವುದು ಅವರ ಹಳೆಯ ಉಪಾಯ. ತನಗೆ ಹೆಚ್ಚು ಬಂದಿತೆಂದು ಅವನು ಸಂತೋಷಪಡುತ್ತಾನೆ. ಏಳೆಂಟು ವರ್ಷದ ಅಕ್ಕ ಮಾತ್ರ ಈ ಮೋಸವನ್ನು ಕಂಡು ನಗುತ್ತಾಳೆ. ಅವಳನ್ನು ಯಾರೂ ಕೂರಿಸಿ ಪಾಠ ಹೇಳಿದವರಿಲ್ಲ. ಸುರಿದು, ಚೆಲ್ಲಿ, ಅಳೆದು, ಆಡಿ, ಒಂದು ದಿನ ಅವಳಿಗೇ ಹೊಳೆದಿರುತ್ತದೆ.

ಆದರೆ ಪಿಯಾಜೆ ಹೇಳಿದುದೆಲ್ಲವೂ ಹಾಗೆಯೇ ಉಳಿಯಲಿಲ್ಲ. ಎಡಿನ್‌ಬರೋ ನಗರದ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದಲ್ಲಿ ಇಂತಹ ಪರೀಕ್ಷೆಗಳನ್ನು ಸ್ವಲ್ಪ ಬದಲಿಸಿ ನೋಡಿದರು. ಸಮನಾದ ಎರಡು ಸಾಲು ಬಿಲ್ಲೆಗಳಲ್ಲಿ ಒಂದನ್ನು ದೊಡ್ಡವರು ಎಳೆದು ಉದ್ದಮಾಡಿ, “ಈಗ ಯಾವುದರಲ್ಲಿ ಹೆಚ್ಚು?” ಎಂದು ಕೇಳಿದರೆ ಎಳೆಯ ಮಕ್ಕಳು ಮೋಸಹೋಗುತ್ತಿದ್ದರು. ಅದೇ ಸಾಲನ್ನು ತುಂಟ ಗೊಂಬೆಯ ಕರಡಿಯೊಂದು ಬಂದು ಕೆಡಿಸಿದಂತೆ ಮಾಡಿದಾಗ, ಹೆಚ್ಚು ಮಕ್ಕಳು ಎರಡೂ ಸಮನೆಂದೇ ಹೇಳಿದರು. ಅಂದರೆ, ಮಗುವಿನ ಉತ್ತರ ಅದರ ಬುದ್ಧಿಯನ್ನಷ್ಟೇ ಅವಲಂಬಿಸಿಲ್ಲ. ಕೇಳಿದವರು ಯಾರು, ಏಕೆ ಕೇಳಿದರು, ಆ ಪ್ರಶ್ನೆಗೆ ಮಗುವಿನ ಲೋಕದಲ್ಲಿ ಅರ್ಥವಿದೆಯೇ ಎಂಬುದನ್ನೂ ಅವಲಂಬಿಸಿದೆ. ಪಿಕಳಾರದ ಜುಟ್ಟನ್ನೂ ಬಾಲವನ್ನೂ ಬೇರ್ಪಡಿಸಬಲ್ಲ ಹುಡುಗ ‘ಹಕ್ಕಿ’ ಎಂಬ ಶಬ್ದದ ಮುಂದೆ ಏಕೆ ಸೋತನೆಂಬುದು ಇದರಿಂದ ಕೊಂಚ ತಿಳಿಯಬಹುದು.

ಹಾಗಾದರೆ ಕೈಕಟ್ಟಿ ಕುಳಿತು ಕಾದರೆ ಸಾಕೇ? ತಾಯಿ ಅಜ್ಜಿಗೆ ಕೇಳಿದ ಪ್ರಶ್ನೆಯೂ ಇದೇ. ಅಜ್ಜಿಯ ಉತ್ತರ ಅಡುಗೆಮನೆಯಲ್ಲಿ ದೊರೆಯಿತು. ಮೊಮ್ಮಗನಿಗೆ ಅಕ್ಕಿರೊಟ್ಟಿ ತಟ್ಟುವ ಆಸೆ. ಮೊದಲ ದಿನ ಅಜ್ಜಿ ಅವನ ಬೆರಳುಗಳ ಮೇಲೆ ತಮ್ಮ ಬೆರಳುಗಳನ್ನಿಟ್ಟು ತಟ್ಟಿಸಿದರು. ಎರಡನೆಯ ದಿನ ಅಂಚನ್ನು ಮಾತ್ರ ತಾವು ಸರಿಪಡಿಸಿದರು. ಐದನೆಯ ದಿನ, “ದಪ್ಪ ಆಯಿತು ನೋಡು” ಎಂಬ ಮಾತನ್ನಷ್ಟೇ ಆಡಿದರು. ಹತ್ತನೆಯ ದಿನ ಅವನ ರೊಟ್ಟಿ, ಭೂಪಟದ ಆಕಾರದಲ್ಲಿದ್ದರೂ, ಅವನದೇ ಆಗಿತ್ತು.

ರಷ್ಯಾದ ಲೆವ್ ವೈಗಾಟ್‌ಸ್ಕಿ ಕಂಡುದು ಇದನ್ನೇ. ಆತ ಹುಟ್ಟಿದುದೂ ಪಿಯಾಜೆ ಹುಟ್ಟಿದ 1896ರಲ್ಲಿಯೇ. ಆದರೆ ಕ್ಷಯರೋಗದಿಂದ 1934ರಲ್ಲಿ, ಕೇವಲ 37ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮಗು ಒಂಟಿಯಾಗಿ ಏನು ಮಾಡಬಲ್ಲದೆಂಬುದನ್ನು ಮಾತ್ರ ಅಳೆಯುವುದು ತಪ್ಪು. ಬಲ್ಲವರ ಕೈಹಿಡಿದು ಏನು ಮಾಡಬಲ್ಲದೆಂಬುದನ್ನೂ ನೋಡಬೇಕು. ಇವೆರಡರ ನಡುವಣ ಜಾಗವೇ ಕಲಿಕೆಯ ಹೊಲ. ಇಂದು ಕೈಹಿಡಿಸಿಕೊಂಡು ಮಾಡಿದುದನ್ನು ಮಗು ನಾಳೆ ತಾನೊಂದೇ ಮಾಡುತ್ತದೆ. ಹೊಲಕ್ಕಿಂತ ಬಹಳ ಮುಂದೆ ನಿಂತು ಕರೆದರೂ ಮಗು ಬಾರದು, ಹಿಂದೆ ನಿಂತರೂ ಬೆಳೆಯದು.

ಸಸಿಮಡಿಯ ವಿಚಾರದಲ್ಲಿ ಅಜ್ಜಿ ಸೊಸೆಗೆ ತೋರಿಸಿದುದೂ ಈ ತತ್ತ್ವವನ್ನೇ. ಟೋಪಿಯನ್ನು ಕೀಳುವುದಿಲ್ಲ, ನಿಜ. ಆದರೆ ಚಪ್ಪರ ಹಾಕದೆ, ನೀರು ಕೊಡದೆ, ಕಳೆ ಕೀಳದೆ ಯಾರೂ ಸಸಿಯನ್ನು ಬಿಡುವುದೂ ಇಲ್ಲ. ಕಾಯುವುದೆಂದರೆ ಸುಮ್ಮನಿರುವುದಲ್ಲ.

ಅಟ್ಟದ ಮೇಲಿನ ಚೆನ್ನೆಮಣೆ ಕೆಳಗಿಳಿಯಿತು. ಅದನ್ನು ಆಟಿ ತಿಂಗಳ ಮಳೆಯಲ್ಲಿ ಮಾತ್ರ ಆಡಬೇಕೆಂಬ ಕಟ್ಟಳೆ ಕರಾವಳಿಯ ಕಡೆ ಉಂಟು. ಮೊಮ್ಮಗನಿಗಾಗಿ ಅಜ್ಜಿ ಆ ಕಟ್ಟಳೆಯನ್ನು ಸಡಿಲಿಸಿದರು. ಒಂದೊಂದು ಬದಿಗೆ ಏಳು ಗುಳಿ, ಒಟ್ಟು 14. ಗುಳಿಗೆ ನಾಲ್ಕರಂತೆ 56 ಕಾಳು. ಯಾವ ಗುಳಿಯಿಂದ ಎತ್ತಿದರೆ ಕೊನೆಯ ಕಾಳು ಎಲ್ಲಿಗೆ ಬೀಳುತ್ತದೆಂದು ಮೊದಲೇ ಎಣಿಸಬೇಕು. ಪುಸ್ತಕದಲ್ಲಿ ಹತ್ತರ ಆಚೆಗೆ ತಡವರಿಸುತ್ತಿದ್ದ ಹುಡುಗ ಮಣೆಯ ಮುಂದೆ ತಡವರಿಸಲಿಲ್ಲ.

ಅವನ ಎದುರಾಳಿಯಾಗಿ ಬಂದವಳು ಲೈನುಮನೆಯ ಒಬ್ಬ ಹುಡುಗಿ. ಹಣ್ಣು ಕೊಯ್ಲಿಗೆಂದು ಅಸ್ಸಾಮಿನಿಂದ ಬಂದಿದ್ದ ಕುಟುಂಬದವಳು, ಐದು ವರ್ಷದವಳಿರಬಹುದು. ತಾಯಿತಂದೆಗಳು ಬೆಳಿಗ್ಗೆ ತೋಟಕ್ಕಿಳಿದರೆ ಸಂಜೆ ಹಣ್ಣು ತೂಕವಾದ ಮೇಲೆಯೇ ಹಿಂದಿರುಗುತ್ತಿದ್ದರು. ಅಲ್ಲಿಯವರೆಗೆ ಅವಳೂ ಸೊಂಟದ ಮೇಲಿನ ಅವಳ ತಮ್ಮನೂ ಕಣದ ಬದಿಯಲ್ಲಿ. ಕನ್ನಡದ ಒಂದು ಮಾತೂ ಬಾರದು. ಆದರೆ ಒಣಹಾಕಿದ ಕಾಫಿಯ ನಡುವೆ ಬಿದ್ದ ಹಸಿರು ಕಾಯಿ, ಕೆಂಪು ಹಣ್ಣು, ಕಪ್ಪಾಗಿ ಒಣಗಿದ್ದು ಇವುಗಳನ್ನು ಬೇರೆಬೇರೆ ರಾಶಿಮಾಡಿ ಅವರಿಬ್ಬರೂ ‘ಅಂಗಡಿ’ ಇಡುತ್ತಿದ್ದರು. ಎರಡು ವಾರಗಳಲ್ಲಿ ಹುಡುಗಿ ಒಂದರಿಂದ ಇಪ್ಪತ್ತರವರೆಗೆ ಕನ್ನಡದಲ್ಲಿ ಎಣಿಸತೊಡಗಿದಳು. ಹುಡುಗ ಅವಳ ನುಡಿಯಲ್ಲಿ ಐದರವರೆಗೆ ಕಲಿತನು. ಮಾತು ನಿಲ್ಲಿಸಿದ್ದವನ ಮಾತು ಹಿಂದಿರುಗಿದುದು ಆ ಕಣದಲ್ಲಿ.

ತಾಯಿ ಇದನ್ನು ಕಿಟಕಿಯಿಂದ ನೋಡುತ್ತಿದ್ದರು. ತಮ್ಮ ಮಗನಿಗೆ ಕಾಯುವವರಿದ್ದಾರೆ. ಆ ಹುಡುಗಿಗೆ ಕಾಯುವವರಾರು ಎಂಬ ವಿಚಾರ ಆಕೆಯನ್ನು ಆಗ ಕಾಡತೊಡಗಿತು. ಕಾಯುವುದೂ ಒಂದು ಸೌಲಭ್ಯವೇ. ಜಗಲಿ, ಅಜ್ಜಿ, ಮಜ್ಜಿಗೆ, ಚೆನ್ನೆಮಣೆ ಇದ್ದ ಮನೆಯಲ್ಲಿ ಒಂದು ವರ್ಷ ತಡವಾದರೆ ನಷ್ಟವಿಲ್ಲ. ತಮ್ಮನನ್ನು ಎತ್ತಿಕೊಂಡು ದಿನ ಕಳೆಯುವ ಮಗುವಿಗೆ ಒಂದು ವರ್ಷವೆಂದರೆ ಒಂದು ವರ್ಷವೇ ಹೋಯಿತು.

ಶಿಶುಶಿಕ್ಷಣದ ಇತಿಹಾಸದಲ್ಲಿ ಒಂದು ವಿಚಿತ್ರವಿದೆ. ಇಂದು ನಗರಗಳಲ್ಲಿ ದುಬಾರಿ ಶಾಲೆಗಳ ಹಲಗೆಯ ಮೇಲೆ ಮಾಂಟೆಸ್ಸರಿಯ ಹೆಸರು ಮೆರೆಯುತ್ತಿದೆ. ಆದರೆ ಮರಿಯಾ ಮಾಂಟೆಸ್ಸರಿಯವರು 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊದಲ್ಲಿ ತೆರೆದ ಮೊದಲ ‘ಮಕ್ಕಳ ಮನೆ’ ಇದ್ದುದು ಕೂಲಿಕಾರರ ವಸತಿಯಲ್ಲಿ. ತಾಯಿತಂದೆಗಳು ದುಡಿಯಲು ಹೋದಾಗ ಹಗಲೆಲ್ಲ ಒಂಟಿಯಾಗಿ ಉಳಿಯುತ್ತಿದ್ದ ಮಕ್ಕಳಿಗಾಗಿ. ಲೈನುಮನೆಯ ಮಕ್ಕಳಿಗೂ ಅವರಿಗೂ ಏನು ವ್ಯತ್ಯಾಸ? ಆ ಮಹಿಳೆ 1939ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮದರಾಸಿನ ಅಡಯಾರಿಗೆ ಬಂದರು. ಯುದ್ಧದ ಕಾರಣದಿಂದ ಹಿಂದಿರುಗಲಾಗದೆ ವರ್ಷಗಟ್ಟಲೆ ಭಾರತದಲ್ಲಿಯೇ ಉಳಿದು, ಕೊಡೈಕೆನಾಲ್ ಬೆಟ್ಟದಲ್ಲಿಯೂ ಕೆಲಕಾಲವಿದ್ದು ಶಿಕ್ಷಕರನ್ನು ತರಬೇತುಗೊಳಿಸಿದರು.

ಅದಕ್ಕೆ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು ಬಾಲಮಂದಿರವನ್ನು ಆರಂಭಿಸಿದ್ದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್, ಶಿಷ್ಯೆ ಅನುತಾಯಿ ವಾಘ್ ಅವರ ಜೊತೆಗೂಡಿ, ಮಹಾರಾಷ್ಟ್ರದ ಬೋರ್ಡಿ ಮತ್ತು ಕೋಸಬಾಡಗಳಲ್ಲಿ ಶಾಲೆಯನ್ನು ಬಡಮಕ್ಕಳ ಅಂಗಳಕ್ಕೇ ಒಯ್ದರು. ಬೆಲೆಬಾಳುವ ಉಪಕರಣಗಳ ಬದಲಿಗೆ ಅಲ್ಲಿ ಬಳಕೆಯಾದುವು ಕಲ್ಲು, ಎಲೆ, ಬೀಜ, ಚಿಪ್ಪು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ‘ಅಂಗನವಾಡಿ’ ಎಂಬ ಹೆಸರು ಮನೆಮಾತಾಯಿತು; ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. 2024ರಲ್ಲಿ ರಾಜ್ಯದ ಕೆಲವು ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಹೆಸರೂ ಬಂದಿತು. ಕೂಲಿಕಾರರ ಮಕ್ಕಳಿಂದ ಹೊರಟ ಹೆಸರು ಬಹುದೂರ ಸುತ್ತಿ ಅವರ ಬಾಗಿಲಿಗೇ ಮರಳಿದಂತಾಯಿತು.

ತೋಟಗಳ ವಿಷಯದಲ್ಲಿ ಕಾನೂನು ಇನ್ನೂ ಮೊದಲೇ ಎಚ್ಚತ್ತಿತ್ತು. 1951ರ ತೋಟ ಕಾರ್ಮಿಕರ ಕಾಯ್ದೆಯು 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೂಸಿನ ಮನೆ ಇರಬೇಕೆಂದು ವಿಧಿಸಿತ್ತು. ದೊಡ್ಡ ತೋಟಗಳಿಗೆ ಆ ಮಾತು ಹೊಂದಿತು. ಹತ್ತಿಪ್ಪತ್ತು ಎಕರೆಯ, ಹತ್ತೆಂಟು ಆಳುಗಳ ತೋಟಗಳೇ ಹೆಚ್ಚಾಗಿರುವ ಈ ಬೆಟ್ಟಗಳಲ್ಲಿ, ಕೊಯ್ಲಿನ ಎರಡು ಮೂರು ತಿಂಗಳಿಗೆಂದು ಬಂದುಹೋಗುವವರ ಮಕ್ಕಳು ಅಂತಹ ಲೆಕ್ಕದ ಹೊರಗೇ ಉಳಿಯುವರು. ಅವರಿಗೆ ಉಳಿದ ದಾರಿ ಊರಿನ ಅಂಗನವಾಡಿ ಒಂದೇ. ಅಲ್ಲಿಗೂ ಯಾರಾದರೂ ಕೈಹಿಡಿದು ಕರೆದೊಯ್ಯಬೇಕಷ್ಟೆ.

ಕೈಹಿಡಿದು ಕರೆದೊಯ್ದವರು ಹುಡುಗನ ತಾಯಿಯೇ. ಮೊದಲ ದಿನ ಅವರು ಹೊರಟುದು ಹುಡುಗಿಯನ್ನೂ ಅವಳ ತಮ್ಮನನ್ನೂ ಬಿಟ್ಟುಬರಲು. ಅವರ ಸೆರಗು ಹಿಡಿದು ಮಗನೂ ಹೊರಟನು, ಹಿಂದಿರುಗಲು ಒಪ್ಪಲಿಲ್ಲ. ಒಂದೇ ಕೋಣೆಯ ಆ ಅಂಗನವಾಡಿಯಲ್ಲಿ ಕನ್ನಡ, ತುಳು, ತಮಿಳು, ಅಸ್ಸಾಮಿನ ನುಡಿ ಎಲ್ಲವೂ ಕೇಳಿಬರುತ್ತಿದ್ದವು. ಕಾರ್ಯಕರ್ತೆ ಹುಣಸೆಬೀಜಗಳನ್ನು ಹರಡಿ ಎಣಿಸುತ್ತಿದ್ದರು. ಒಂದೊಂದು ಮಗುವೂ ತನ್ನ ಮನೆಮಾತಿನಲ್ಲಿ ಎಣಿಸಿದ ಮೇಲೆ ಎಲ್ಲರೂ ಕೂಡಿ ಕನ್ನಡದಲ್ಲಿ ಎಣಿಸುತ್ತಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ತಳಪಾಯದ ಹಂತವೆಂದು ಕರೆದು, ಆಟದ ಮೂಲಕ, ಸಾಧ್ಯವಾದಷ್ಟೂ ಮನೆಮಾತಿನಲ್ಲಿ ಕಲಿಸಬೇಕೆಂದು ಹೇಳಿದೆ. ಆ ಕಾರ್ಯಕರ್ತೆ ಅದನ್ನು ಓದಿದ್ದರೋ ಇಲ್ಲವೋ, ಕೆಲಸವಂತೂ ನಡೆಯುತ್ತಿತ್ತು.

ಮಗನ ಅವಸರಕ್ಕೆ ಇನ್ನೊಂದು ತಡೆಯೂ ಇದ್ದಿತು. ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶಿಸಿತ್ತು. 2025ರಲ್ಲಿ ತಾಯಿತಂದೆಗಳ ಒತ್ತಾಯದ ಮೇಲೆ ಆ ವರ್ಷದ ಮಟ್ಟಿಗೆ ಅದನ್ನು ಸಡಿಲಿಸಿತು. ಈ ವರ್ಷ ಯು.ಕೆ.ಜಿ.ಗೆ ಸೇರಿಸಿದ್ದರೆ ಒಂದನೆಯ ತರಗತಿಯ ಹೊತ್ತಿಗೆ ಹುಡುಗನಿಗೆ ಎರಡು ತಿಂಗಳು ಕಡಿಮೆಯಾಗುತ್ತಿತ್ತು. ಅಂತಹದೇ ಇನ್ನೊಂದು ಸಡಿಲಿಕೆಯನ್ನು ನಂಬಿ ತಾಯಿ ಹೊರಟಿದ್ದರು. ಎರಡು ತಿಂಗಳಿಗಾಗಿ ಮಗುವಿನ ನಿದ್ದೆ ಕೆಡಿಸಿದೆನಲ್ಲಾ ಎಂದು ಒಂದು ರಾತ್ರಿ ಅವರು ಪತಿಯೊಡನೆ ಹೇಳಿಕೊಂಡರು. ಒಂದು ವರ್ಷ ಊರಿನ ಅಂಗನವಾಡಿ, ಆಮೇಲೆ ಪೇಟೆಯ ಶಾಲೆ ಎಂದು ತೀರ್ಮಾನವಾಯಿತು. ತಿದ್ದುವ ಪುಸ್ತಕ ಕಪಾಟು ಸೇರಿತು.

ಫೆಬ್ರವರಿಯ ಕೊನೆಗೆ ಕೊಯ್ಲು ಮುಗಿಯಿತು. ಅಸ್ಸಾಮಿನ ಕುಟುಂಬ ಗಂಟುಮೂಟೆ ಕಟ್ಟಿತು. ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ಎರಡು ಹೆಸರುಗಳ ಮುಂದೆ ಅಂದಿನಿಂದ ಬರಿಯ ಗೆರೆ. ಹುಡುಗಿ ಮುಂದೆ ಯಾವ ಊರಿನ ಯಾವ ಅಂಗಳದಲ್ಲಿ ಎಣಿಸುವಳೋ, ಅಲ್ಲಿ ಯಾವ ನುಡಿಯಲ್ಲಿ ಮೊದಲಿನಿಂದ ಆರಂಭಿಸಬೇಕೋ ಹೇಳುವವರಿಲ್ಲ. ಜೀಪು ಹೊರಡುವ ಮುನ್ನ ಅಜ್ಜಿ ಒಂದು ಹಿಡಿ ಚೆನ್ನೆಕಾಳನ್ನು ಅವಳ ಲಂಗದ ಮಡಿಲಿಗೆ ಹಾಕಿದರು. ಅವಳು ಅಲ್ಲಿಯೇ ಕುಳಿತು, “ಒಂದು, ಎರಡು” ಎಂದು ಎಣಿಸಿಕೊಂಡು, ಇಪ್ಪತ್ತಮೂರೆಂದು ಗಟ್ಟಿಯಾಗಿ ಹೇಳಿ ಜೀಪು ಹತ್ತಿದಳು. ಇಪ್ಪತ್ತರ ಆಚೆಯ ಮೂರನ್ನು ಅವಳಿಗೆ ಯಾರು ಕಲಿಸಿದರೋ ಯಾರಿಗೂ ತಿಳಿಯದು.

ಮರುದಿನ ಬೆಳಿಗ್ಗೆ ಹುಡುಗ ಸಸಿಮಡಿಯ ಬಳಿ ಕುಕ್ಕರಗಾಲಿನಲ್ಲಿ ಕುಳಿತಿದ್ದನು. ತಾಯಿ ಕಾಫಿಯ ಲೋಟ ಹಿಡಿದು ಹಿಂದೆ ಬಂದು ನಿಂತರು.

“ಅಮ್ಮ, ಇದರ ಟೋಪಿ ಬಿದ್ದಿದೆ. ಇದರದ್ದು ಅರ್ಧ ಬಿದ್ದಿದೆ. ಇದರದ್ದು ಬಿದ್ದೇ ಇಲ್ಲ. ತೆಗೆಯಲಾ?”

“ಬೇಡ ಮಗೂ,” ಎಂದರು ತಾಯಿ. “ನೀರು ಹಾಕು.”